ದಿನಕ್ಕೊಂದು ಹಿಡಿ ಸೊಪ್ಪು

ಜನವರಿ 12

ಅಕ್ಕ,

ಒಳ್ಳೆ ಸುದ್ದಿ ಮೊದಲು: ಬದುಕಿದೀನಿ. ಕೆಟ್ಟ ಸುದ್ದಿ ಬೇಕು ಅಂದ್ರೆ ಅದನ್ನೇ ಇನ್ನೊಂದ್ಸಲ ಓದ್ಕೋ.

ಎದೆ ಬಿಚ್ಚಿ ಮಾತಾಡು ಅಂತ ಜೀವಮಾನವಿಡೀ ಬೈದೆಯಲ್ಲ, ನೋಡು, ಕೊನೆಗೂ ಡಾಕ್ಟರ ಮುಂದೆ ಬಿಚ್ಚಿದೆ. ಮನೆಗೆ ಬಂದು ಹನ್ನೊಂದು ದಿನ ಆಯ್ತು. ಹೃದಯದೊಳಗಿನ ಹಳೇ ಕವಾಟ ಕಿತ್ತು ಯಂತ್ರದ್ದೊಂದು ಕೂರಿಸಿದಾರೆ. ಚಿಕ್ಕವನಿದ್ದಾಗ ಗಂಟಲು ಕೆಟ್ಟು, ಆಮೇಲೆ ಮೊಣಕಾಲು ಊದಿ, ಜ್ವರ ಬಂದಿತ್ತಾ ಅಂತ ಕೇಳಿದ್ರು. ಬಂದಿತ್ತು, ಮೂರು ತಿಂಗಳು ನಮ್ಮಕ್ಕ ಬೆನ್ನ ಮೇಲೆ ಹೊತ್ಕೊಂಡು ತಿರುಗಿದ್ಳು ಅಂದೆ. ಆ ಜ್ವರ ಅವತ್ತೇ ಕವಾಟ ಕಚ್ಚಿ ಹೋಗಿತ್ತಂತೆ. ಅರವತ್ತೇಳು ವರ್ಷ ಆದ್ಮೇಲೆ ಗೊತ್ತಾಯ್ತು.

ಹೊಸ ಕವಾಟ ಸದ್ದು ಮಾಡುತ್ತೆ. ಟಿಕ್, ಟಿಕ್. ಸುಮ್ಮನೆ ಕೂತಿದ್ರೆ ಪಕ್ಕದವರಿಗೂ ಕೇಳುತ್ತೆ. ಕೆಳಗಡೆ ಅಂಗಡಿಯ ಸೈಕಲ್ ರಿಪೇರಿಯವನು, ನಮ್ಮ ಮನೆ ಮಾಲೀಕ, ಮೊನ್ನೆ ಮೇಲೆ ಬಂದು ಯಾವಾಗ ತಗೊಂಡ್ರಿ ಗಡಿಯಾರ ಅಂದ. ತಗೊಂಡಿಲ್ಲ, ನುಂಗಿದೆ ಅಂದೆ. ಗೋಡೆಯೆಲ್ಲ ಹುಡುಕಿ ಹೋದ. ಕೇಳಿಸದೆ ಇರೋದು ನಿನಗೊಬ್ಬಳಿಗೇ. ನಿನ್ನ ಕಿವಿ ಕೈ ಕೊಟ್ಟಿದ್ದಕ್ಕೆ ನನ್ನ ಕೈ ಬರೀತಾ ಇದೆ.

ಈಗ ಮುಖ್ಯ ವಿಷಯ. ಯಂತ್ರದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಒಂದು ಮಾತ್ರೆ, ಸಾಯೋ ತನಕ. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡೋಕೆ ಒಂದು ಸಂಖ್ಯೆ ಇದೆ. ಎರಡೂವರೆಯಿಂದ ಮೂರೂವರೆ ಒಳಗೇ ಇರಬೇಕು. ಪೇಂಟ್ ಇದ್ದ ಹಾಗೇ ಅನ್ನು: ಗಟ್ಟಿಯಾದ್ರೆ ಬ್ರಷ್ಷಿಗೆ ಹತ್ತಲ್ಲ, ನೀರಾದ್ರೆ ಗೋಡೆ ಮೇಲೆ ನಿಲ್ಲಲ್ಲ. ಕೆಳಗಿಳಿದ್ರೆ ಯಂತ್ರ ಕಟ್ಟಿಕೊಳ್ಳುತ್ತೆ, ಮೇಲೇರಿದ್ರೆ ನಾನೇ ಸೋರ್ತೀನಂತೆ. ತಿಂಗಳಿಗೊಂದ್ಸಲ ಪರೀಕ್ಷೆ. ಸತತ ಮೂರು ಸಲ ಸಂಖ್ಯೆ ಸರಿ ಬಂದ್ರೆ ಮಾತ್ರ ಬಸ್ಸು ಹತ್ತೋಕೆ ಅಪ್ಪಣೆ. ಜೂನ್ ಹದಿನಾಲ್ಕಕ್ಕೆ ನಿನಗೆ ಎಂಬತ್ತು. ಮುಖ ನೋಡಿ ನಾಲ್ಕು ವರ್ಷ ಆಯ್ತು. ಬರ್ತೀನಿ ಅಂದಿದೀನಿ, ಬಂದೇ ಬರ್ತೀನಿ.

ಒಂದೇ ತೊಂದರೆ. ದಿನಾ ಸೊಪ್ಪು ತಿನ್ನಬೇಕಂತೆ, ಅದೂ ಅಳತೆ ಇಟ್ಟು. ಎಪ್ಪತ್ತಾರು ವರ್ಷ ಯಾರಿಗೂ ಸೊಪ್ಪು ಹಾಕದೆ ಬದುಕಿದವನಿಗೆ ಈ ಶಿಕ್ಷೆ. ಪೇಂಟ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಣ್ಣ ಬೆರೆಸಿದೀನಿ, ಇನ್ನೂರ ಹನ್ನೊಂದು ಹಸಿರು ನನ್ನ ಕೈಯಲ್ಲೇ ಹುಟ್ಟಿದಾವೆ. ಹಸಿರು ಹಚ್ಚೋಕೆ ಅಕ್ಕ, ತಿನ್ನೋಕಲ್ಲ.

ಇಂತಿ,
ಗಡಿಯಾರ ನುಂಗಿದ ನಿನ್ನ ತರಲೆ


ಜನವರಿ 20

ತರಲೆ,

ಎದೆ ಬಿಚ್ಚಿದ್ರೂ ನಿನ್ನ ಬಾಯಿ ಮುಚ್ಚಿಲ್ಲ ಅಂತ ತಿಳಿದು ಸಮಾಧಾನ ಆಯ್ತು.

ಡಾಕ್ಟರು ಹೇಳಿದ್ದನ್ನ ನೀನು ಅರ್ಧ ಮಾತ್ರ ಕೇಳಿಸ್ಕೊಂಡಿರ್ತೀಯ. ನನಗೆ ಕಿವಿ ಇಲ್ಲ, ನಿನಗೆ ಇದ್ದೂ ಇಲ್ಲ. ಅದಕ್ಕೆ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳ ಹತ್ತಿರ ಇನ್ನರ್ಧ ಕೇಳು. ಹಸಿರು ಸೊಪ್ಪಿನಲ್ಲಿ ಒಂದು ವಿಟಮಿನ್ ಇದೆ, ರಕ್ತ ಹೆಪ್ಪುಗಟ್ಟಬೇಕು ಅಂದ್ರೆ ಅದು ಬೇಕೇ ಬೇಕು. ನಿನ್ನ ಮಾತ್ರೆ ಅದರ ಎದುರಾಳಿ. ಇಬ್ಬರೂ ಹಗ್ಗದ ಎರಡು ತುದಿ ಹಿಡಿದು ಜಗ್ತಾ ಇದಾರೆ ಅಂದ್ಕೋ. ಸೊಪ್ಪು ಎಷ್ಟು ಜೋರಾಗಿ ಎಳೆಯುತ್ತೋ ಅಷ್ಟು ಜೋರಿನ ಮಾತ್ರೆ ಡಾಕ್ಟರು ಕೊಡ್ತಾರೆ. ಇವತ್ತು ಹತ್ತು ಜನ ಹಗ್ಗ ಹಿಡಿದು ನಾಳೆ ಒಬ್ಬರೂ ಇಲ್ಲ ಅಂದ್ರೆ ಆ ಕಡೆಯವನು ಅಂಗಾತ ಬೀಳ್ತಾನೆ. ಹಾಗಾಗಿ ದಿನಾ ಒಂದು ಹಿಡಿ, ಬೇಯಿಸಿದ್ದು. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಬಿಟ್ಟೆ ಅಂದ್ರೆ ಬಿಟ್ಟೆ ಅಂತ ಡಾಕ್ಟರಿಗೆ ಹೇಳು. ಸುಳ್ಳು ಮಾತ್ರ ಹೇಳಬೇಡ.

ತಿಂದ್ರೆ ಏನು ಸಿಗುತ್ತೆ ಅಂತ ಕೇಳ್ತೀಯ, ಗೊತ್ತು. ಹೊಸ ರಕ್ತ ಹುಟ್ಟೋಕೆ ಬೇಕಾದ್ದು ಸಿಗುತ್ತೆ. ಕಣ್ಣಿಗೆ ಬೇಕಾದ್ದು, ಮೂಳೆಗೆ ಬೇಕಾದ್ದು ಸಿಗುತ್ತೆ. ನಿನ್ನ ಹೊಟ್ಟೆ ಬೆಳಿಗ್ಗೆ ಸಲೀಸಾಗುತ್ತೆ.

ಇನ್ನೊಂದು ಸಂಗತಿ ಇದೆ. ಪ್ರತಿ ವರ್ಷ ಇದನ್ನ ಪಾಠ ಮಾಡೋವಾಗ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯಾಚೆಯ ಮರ ನೋಡ್ತಿದ್ದೆ. ಎಲೆಯ ಹಸಿರಿಗೆ ಪುಸ್ತಕದಲ್ಲಿ ಪತ್ರಹರಿತ್ತು ಅಂತಾರೆ. ಅದರ ಒಳಗಿನ ಕಟ್ಟಡ ಒಂದು ಉಂಗುರ, ನಾಲ್ಕು ಪುಟ್ಟ ಉಂಗುರ ಕೈ ಕೈ ಹಿಡಿದು ಆದದ್ದು. ನಮ್ಮ ರಕ್ತದ ಕೆಂಪಿನ ಒಳಗೂ ಹೆಚ್ಚುಕಮ್ಮಿ ಅಂಥದೇ ಉಂಗುರ. ರಕ್ತದ ಉಂಗುರದ ನಡುವೆ ಕಬ್ಬಿಣದ ಒಂದು ಕಣ ಕೂತಿದೆ, ಎಲೆಯದರ ನಡುವೆ ಮೆಗ್ನೀಸಿಯಮ್ಮಿನ ಒಂದು ಕಣ. ಒಂದು ಬೆಳಕು ಹಿಡಿಯುತ್ತೆ, ಇನ್ನೊಂದು ಉಸಿರು ಹೊರುತ್ತೆ. ಎಲೆ ರಸ ಕುಡಿದ್ರೆ ಅದೇ ರಕ್ತ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ, ಹೊಟ್ಟೆ ಎಲ್ಲವನ್ನೂ ಬಿಚ್ಚಿಹಾಕುತ್ತೆ. ಆದ್ರೂ ಎಷ್ಟೋ ಕೋಟಿ ವರ್ಷದ ಹಿಂದೆ ಎಲ್ಲೋ ಒಂದು ಕಡೆ ನಾವೂ ಎಲೆಯೂ ಒಂದೇ ಮನೆಯವರಾಗಿದ್ವಿ ಅನ್ನೋದು ಸುಳ್ಳಲ್ಲ.

ಒಂದು ಎಲೆ ತಗೊಂಡು ಬಿಸಿಲಿಗೆ ಹಿಡಿದು ನೋಡು. ಅದು ನಿನ್ನ ಮನೆಪಾಠ. ನಾವು ಕಾಣೋ ಹಸಿರು ಎಲೆಗೆ ಬೇಡವಾದ ಬಣ್ಣ ಅನ್ನೋದೂ ನೆನಪಿರಲಿ. ಕೆಂಪು ಬೆಳಕನ್ನೂ ನೀಲಿ ಬೆಳಕನ್ನೂ ಉಂಡು, ಹಸಿರಲ್ಲಿ ಒಂದಷ್ಟನ್ನ ಉಳಿಸಿ ನಮ್ಮ ಕಡೆ ತಳ್ಳುತ್ತೆ.

ಇಂತಿ,
ಅಕ್ಕ


ಫೆಬ್ರವರಿ 8

ಅಕ್ಕ,

ಹಾಗಾದ್ರೆ ಎಲೆಗೂ ನಮಗೂ ರಕ್ತಸಂಬಂಧ. ಸಂಬಂಧಿಕರನ್ನ ಬೇಯಿಸಿ ತಿನ್ನು ಅಂತೀಯಲ್ಲ, ನೀನೆಂಥ ಅಕ್ಕ? ಅದೂ ಅಲ್ಲದೆ ಎಲೆ ಪಕ್ಕಾ ನನ್ನ ಜಾತಿ. ಬೇರೆ ಎಲ್ಲ ಉಂಡು ಹಸಿರನ್ನ ಮಾತ್ರ ತಟ್ಟೆಯಲ್ಲಿ ಬಿಡುತ್ತೆ.

ಮನೆಪಾಠ ಮಾಡಿದೆ. ಬೀದಿ ತುದಿಯ ಸೊಪ್ಪಿನವಳ ಹತ್ತಿರ ಒಂದು ಕಟ್ಟು ಪಾಲಕ್ ತಂದು ಕಿಟಕಿಯಲ್ಲಿ ನೀರಿಗೆ ಹಾಕಿಟ್ಟೆ. ಈ ಹಸಿರನ್ನ ಹೊಂದಿಸ್ತೀನಿ ಅಂತ ಹಟ ಹುಟ್ಟಿತು. ಹಳೇ ಡಬ್ಬಿಗಳನ್ನ ಇಳಿಸಿದೆ. ನೀಲಿ, ಹಳದಿ, ಒಂದು ಹನಿ ಕಪ್ಪು, ಬಣ್ಣ ತಣಿಸೋಕೆ ಒಂದು ಚುಕ್ಕೆ ಕೆಂಪು. ರಟ್ಟಿನ ಮೇಲೆ ಹಚ್ಚಿ ಪಕ್ಕದಲ್ಲಿ ಎಲೆ ಇಟ್ಟೆ. ಮೊದಲನೇ ದಿನ ಹತ್ತಿರ ಬಂತು. ಹತ್ತು ಗಂಟೆಗೆ ಸರಿ ಇದ್ದದ್ದು ಹನ್ನೆರಡಕ್ಕೆ ತಪ್ಪಾಗಿತ್ತು. ಎಲೆ ಅಲ್ಲೇ ಇದೆ, ಬಣ್ಣ ಮುಂದಕ್ಕೆ ಹೋಗಿಬಿಟ್ಟಿದೆ. ಹದಿನೇಳು ರಟ್ಟು ಹಾಳು ಮಾಡಿದ ಮೇಲೆ ನೀನು ಹೇಳಿದ ಹಾಗೆ ಬಿಸಿಲಿಗೆ ಎತ್ತಿ ಹಿಡಿದೆ.

ಅಕ್ಕ, ನಾನು ಕೂತುಬಿಟ್ಟೆ. ನಮ್ಮ ಕೆಲಸದಲ್ಲಿ ಬಣ್ಣ ಯಾವಾಗಲೂ ಏನಾದ್ರೂ ಒಂದರ ಮೇಲಿರುತ್ತೆ. ಗೋಡೆ ಬೇರೆ, ಬಣ್ಣ ಬೇರೆ. ಇಲ್ಲಿ ಗೋಡೆಯೇ ಇಲ್ಲ, ಬಣ್ಣದೊಳಗೆ ಬಣ್ಣ ನಿಂತಿದೆ. ನರಗಳ ನಡುವೆ ಒಂದೊಂದು ಪುಟ್ಟ ಕೋಣೆ, ಒಂದೊಂದು ಕೋಣೆಗೂ ದೀಪ ಹಚ್ಚಿಟ್ಟ ಹಾಗೆ. ಇನ್ನೂರ ಹನ್ನೊಂದು ಹಸಿರು ಮಾಡಿದೀನಿ ಅಂತ ಬೀಗ್ತಿದ್ದೆ. ಅಷ್ಟೂ ಈ ಒಂದು ಎಲೆಯ ಸತ್ತ ಫೋಟೋಗಳು.

ಸೊಪ್ಪು ತಿಂತಿದೀನಾ ಅಂತ ಕೇಳಬೇಡ. ತಿನ್ನೋವಾಗ ಮಾತಾಡಬಾರದು ಅಂತ ನೀನೇ ಕಲಿಸಿದ್ದು.

ಮೊದಲನೇ ಪರೀಕ್ಷೆ ಆಯ್ತು. ರಕ್ತ ತೆಗೆಯೋಕೆ ಆಸ್ಪತ್ರೆಯ ಕ್ಲಿನಿಕ್ಕಿನಲ್ಲಿ ಒಬ್ಬರು ದಪ್ಪ ಕನ್ನಡಕದ ಹೆಂಗಸಿದಾರೆ, ಸೂಜಿಯಮ್ಮ ಅಂತ ಹೆಸರಿಟ್ಟಿದೀನಿ. ಸಂಖ್ಯೆ ಒಂದು ಪಾಯಿಂಟ್ ಒಂಬತ್ತಕ್ಕೆ ಬಿದ್ದಿತ್ತು. ಸೊಪ್ಪು ದಿನಾ ಒಂದೇ ಅಳತೆ ತಾನೇ ಅಂತ ಡಾಕ್ಟರು ಕೇಳಿದ್ರು, ಹೂಂ ಅಂದೆ. ಮಾತ್ರೆ ಜಾಸ್ತಿ ಮಾಡಿದ್ರು. ನಪಾಸು. ಪರೀಕ್ಷೆಗೆ ಅಂತ ನಾಲ್ಕು ದಿನ ಎಷ್ಟು ಕಷ್ಟಪಟ್ಟಿದ್ದೆ, ಎಲ್ಲ ನೀರಲ್ಲಿ ಹೋಮ.

ಇಂತಿ,
ಹೊಂದಿಸೋಕಾಗದ ಬಣ್ಣದವನು


ಫೆಬ್ರವರಿ 17

ತರಲೆ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲನೇ ಸಲ ಎಲೆಯ ವಿಷಯಕ್ಕೆ. ಕಣ್ಣು ತುಂಬಿ ಬಂತು. ಮೂವತ್ತು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಆ ಮಾತು ಹೇಳಿರಲಿಲ್ಲ.

ಎರಡನೇ ಸಲ ಕೊನೇ ಸಾಲಿಗೆ. ನಾಲ್ಕು ದಿನ ಕಷ್ಟಪಟ್ಟೆ ಅಂದ್ರೆ ಏನು? ಪರೀಕ್ಷೆಗೆ ನಾಲ್ಕು ದಿನ ಇರೋವಾಗ ಮಾತ್ರ ಪುಸ್ತಕ ಬಿಚ್ಚೋ ಒಬ್ಬ ಹುಡುಗನ್ನ ನಾನು ಬಲ್ಲೆ. ಊಟದಲ್ಲಿ ಅಪ್ಪ ಪೇಪರ್ ಮಗುಚೋ ಹೊತ್ತಿಗೆ ಆ ಹುಡುಗನ ಸೊಪ್ಪು ನನ್ನ ತಟ್ಟೆಗೆ ಬಂದಿರ್ತಿತ್ತು. ಒಂದು ದಿನ ನನ್ನ ತಟ್ಟೆ ದೂರ ಇತ್ತು ಅಂತ ಅಪ್ಪನ ಬೂಟಿನೊಳಗೆ ತುರುಕಿದ್ದ. ಅಪ್ಪ ಅದನ್ನೇ ಹಾಕ್ಕೊಂಡು ಆಫೀಸಿಗೆ ಹೋದ್ರು. ಆ ಏಟು ತಿಂದವಳು ನಾನು.

ನೇರವಾಗಿ ಕೇಳ್ತೀನಿ. ದಿನಾ ತಿಂತಿದೀಯಾ?

ಇದರ ಜೊತೆ ಇನ್ನೊಂದು ಮನೆಪಾಠ. ಸೊಪ್ಪು ಜಜ್ಜಿ ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸು. ಒಂದು ಉದ್ದನೆ ಬಿಳೀ ಶೋಧಕ ಕಾಗದದ ತುದಿಯನ್ನ ಅದರಲ್ಲಿ ಅದ್ದಿ ನಿಲ್ಲಿಸು. ಏನಾಗುತ್ತೆ ಅಂತ ನಾನು ಹೇಳಲ್ಲ.

ಇಂತಿ,
ಅಕ್ಕ (ಕಿವಿ ಹೋಗಿದೆ, ಮೂಗು ಚೆನ್ನಾಗಿದೆ)


ಮಾರ್ಚ್ 11

ಅಕ್ಕ,

ಕಾಗದ ನಿಲ್ಲಿಸಿದೆ. ಸ್ಪಿರಿಟ್ ಸೂಜಿಯಮ್ಮನೇ ಕೊಟ್ಟರು, ಕುಡಿಯೋಕಲ್ಲ ಅಂತ ಮೂರು ಸಲ ಆಣೆ ಮಾಡಿಸ್ಕೊಂಡು.

ಹಸಿರು ನೀರು ಕಾಗದದಲ್ಲಿ ನಿಧಾನಕ್ಕೆ ಮೇಲೇರಿತು. ನಾನು ಸ್ಟೂಲ್ ಎಳ್ಕೊಂಡು ಕೂತೆ. ಒಂದು ಬೆರಳಗಲ ಏರಿದ ಮೇಲೆ ಹಸಿರು ಹಸಿರಾಗಿ ಉಳೀಲಿಲ್ಲ. ತುದಿಯಲ್ಲಿ ಒಂದು ಹಳದಿ ಗೆರೆ ಬಿಡಿಸ್ಕೊಂಡು ಮುಂದೆ ಹೋಯ್ತು. ಅದರ ಕೆಳಗೆ ಇನ್ನೊಂದು ಹಳದಿ. ಆಮೇಲೆ ನೀಲಿಗೆ ವಾಲಿದ ಹಸಿರು, ಅದರ ಬೆನ್ನಿಗೆ ಹಳದಿಗೆ ವಾಲಿದ ಹಸಿರು. ನಾಲ್ಕು ಜನ ಒಂದೇ ಅಂಗಿಯೊಳಗೆ ಇದ್ದು, ಮೆಟ್ಟಿಲು ಹತ್ತೋವಾಗ ಒಬ್ಬೊಬ್ಬರಾಗಿ ಈಚೆ ಬಂದ ಹಾಗೆ.

ಬಣ್ಣ ಬೆರೆಸೋದು ಗೊತ್ತು ನನಗೆ. ಬೆರೆತ ಮೇಲೆ ಬಿಡಿಸೋಕಾಗಲ್ಲ ಅಂತ ಮೂವತ್ತೆಂಟು ವರ್ಷ ಹೊಸಬರಿಗೆಲ್ಲ ಹೇಳಿಕೊಟ್ಟೆ. ತಪ್ಪಿ ಒಂದು ಹನಿ ಬಿದ್ರೆ ಇಡೀ ಡ್ರಮ್ಮು ಚೆಲ್ಲಿಸ್ತಿದ್ದೆ. ಇಲ್ಲಿ ನೋಡಿದ್ರೆ ಒಂದು ಬಡಪಾಯಿ ಕಾಗದ, ಯಾರ ಅಪ್ಪಣೆಯೂ ಇಲ್ಲದೆ, ನನ್ನ ಕಣ್ಣೆದುರಿಗೇ ಬಿಡಿಸಿಬಿಡ್ತು. ಸೈಕಲ್ಲಿನವನನ್ನ ಕೂಗಿದೆ. ಕೈಯ ಗ್ರೀಸ್ ಒರೆಸ್ಕೊಂಡು ಬಂದು ನೋಡಿದ. ಇದನ್ನ ಇಷ್ಟು ದಿನ ತಿಂದು ಹಾಕ್ತಿದ್ವಾ ಅಂದ. ಆ ಕಾಗದ ಒಣಗಿಸಿ ಕನ್ನಡಿ ಪಕ್ಕ ಸಿಗಿಸಿದೀನಿ. ಗಡ್ಡ ಕೆರೆಯೋವಾಗ ದಿನಾ ನೋಡ್ತೀನಿ.

ನೀನು ಕೇಳಿದ್ದಕ್ಕೆ: ಹೂಂ, ತಿಂತಿದೀನಿ. ಈ ಸಲ ಪರೀಕ್ಷೆಗೆ ಮುಂಚೆ ಮೂರು ಹಿಡಿ ಬೇಕಾದ್ರೂ ತಿಂದೆ. ಸಂಖ್ಯೆ ಒಂದು ಪಾಯಿಂಟ್ ಎಂಟು. ಡಾಕ್ಟರು ತಲೆ ಕೆರ್ಕೊಂಡ್ರು. ಮಾತ್ರೆ ಮತ್ತೆ ಜಾಸ್ತಿ. ಜೂನ್ ಹತ್ತಿರ ಬರ್ತಿದೆ, ನನಗೆ ಭಯ ಆಗ್ತಿದೆ ಅಕ್ಕ. ಸಾಯೋದಕ್ಕಲ್ಲ. ಬಸ್ಸು ತಪ್ಪುತ್ತಲ್ಲ ಅಂತ.

ಇಂತಿ,
ಎರಡು ಸಲ ನಪಾಸಾದವನು


ಮಾರ್ಚ್ 23

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೀತಿದೀನಿ, ಯಾಕಂದ್ರೆ ನನ್ನ ಮೈ ಮೇಲೇ ಒಂದು ಹೊಸ ಬಣ್ಣದ ಅಂಗಡಿ ತೆರೆದಿದೆ.

ಮೂರು ದಿನದ ಹಿಂದೆ ಮೊಣಕೈ ಬಾಗಿಲಿಗೆ ತಗುಲ್ತು. ಮೆಲ್ಲಗೆ ಅಷ್ಟೇ. ಇವತ್ತು ನೋಡಿದ್ರೆ ತಟ್ಟೆಯಷ್ಟು ಅಗಲ. ನಡುವೆ ಕಡುನೀಲಿ, ಸುತ್ತ ನೇರಳೆ, ಅಂಚಿಗೆ ಹಸಿರು, ಆಚೆ ಹಳದಿ. ನಿನ್ನ ಕಾಗದದ ಮೇಲೆ ಬಿಡಿಸ್ಕೊಂಡ ಬಣ್ಣಗಳೇ ನನ್ನ ತೋಳಿಗೆ ಬಂದ ಹಾಗಿದೆ. ಆ ಅಂಚಿನ ಹಸಿರನ್ನ ಹೊಂದಿಸಬಲ್ಲೆ ನೋಡು, ನಂಬರು ನೂರ ನಲವತ್ತು. ತೊಡೆಯ ಮೇಲೂ ಒಂದಿದೆ, ಅದು ಯಾವಾಗ ಆಯ್ತೋ ಗೊತ್ತಿಲ್ಲ. ಹಲ್ಲುಜ್ಜೋವಾಗ ಬ್ರಷ್ಷೂ ಗುಲಾಬಿ ಬಣ್ಣಕ್ಕೆ ತಿರುಗಿದೆ. ಬೆಳಿಗ್ಗೆ ಮೂಗಿಂದ ಸ್ವಲ್ಪ ರಕ್ತ ಬಂತು, ಹತ್ತಿ ಇಟ್ಟೆ, ನಿಲ್ಲೋಕೆ ಹೊತ್ತಾಯ್ತು. ಬೇಸಿಗೆ ಕಣೆ, ಒಣಹವೆ.

ಸೈಕಲ್ಲಿನವನು ಕ್ಲಿನಿಕ್ಕಿಗೆ ಹೋಗೋಣ ಅಂತಾನೆ. ಪರೀಕ್ಷೆ ಏಪ್ರಿಲ್ ಎಂಟಕ್ಕೆ, ಅದಕ್ಕೆ ಮುಂಚೆ ಯಾಕೆ ಅಂದೆ. ಇನ್ನೂ ತಯಾರಿ ಶುರು ಮಾಡಿಲ್ಲ.

ಇಂತಿ,
ಬಣ್ಣಬಣ್ಣದ ತಮ್ಮ


ಮಾರ್ಚ್ 29, ಆಸ್ಪತ್ರೆ, ಕಿಟಕಿ ಪಕ್ಕದ ಮಂಚ

ಅಕ್ಕ,

ನೀನು ಎದುರಿಗೇ ಕುರ್ಚಿಯಲ್ಲಿ ಕೂತಿದೀಯ, ಆದ್ರೂ ಬರೀತಿದೀನಿ. ಈ ಮಾತನ್ನ ನಿನಗೆ ಕೇಳೋ ಹಾಗೆ ಕೂಗಿದ್ರೆ ವಾರ್ಡಿನ ಹತ್ತು ಜನಕ್ಕೂ ಕೇಳುತ್ತೆ. ಓದಿ ಹರಿದು ಹಾಕು.

ಮೊನ್ನೆ ಬೆಳಿಗ್ಗೆ ಬಾಗಿಲು ತಟ್ಟಿದ್ದು ಸೈಕಲ್ಲಿನವನು ಅಂದ್ಕೊಂಡೆ. ಮೂಗಿಗೆ ಹತ್ತಿ ತುರುಕ್ಕೊಂಡು ತೆಗೆದ್ರೆ ನೀನು. ಬಸ್ಸು ಅಂದ್ರೆ ವಾಂತಿ ಬರೋಳು, ನಾಲ್ಕು ವರ್ಷ ಮನೆ ಬಿಟ್ಟು ಕದಲದವಳು, ಒಂದು ಕೈಚೀಲ ಹಿಡ್ಕೊಂಡು ನಿಂತಿದ್ದೆ. ನನ್ನ ಕಾಗದ ತಲುಪಿದ ಮಧ್ಯಾಹ್ನವೇ ಹೊರಟೆಯಂತೆ. ನನ್ನ ತೋಳು ನೋಡಿ ನೇರ ಕೆಳಗಿಳಿದು ಆಟೋ ಕರೆದೆ. ಬೈದಿದ್ರೆ ಚೆನ್ನಾಗಿತ್ತು.

ಸಂಖ್ಯೆ ಎಂಟು ಪಾಯಿಂಟ್ ಆರು ಇತ್ತು ಅಂತ ಸೂಜಿಯಮ್ಮ ಈಗ ಹೇಳಿದ್ರು. ಇನ್ನೆರಡು ದಿನ ತಡ ಆಗಿದ್ರೆ ತಲೆಯೊಳಗೇ ಸೋರಬಹುದಿತ್ತಂತೆ.

ನಿಜ ಹೇಳ್ತೀನಿ. ನಾನು ದಿನಾ ಸೊಪ್ಪು ತಿನ್ನಲೇ ಇಲ್ಲ. ಪರೀಕ್ಷೆಗೆ ನಾಲ್ಕು ದಿನ ಇದೆ ಅನ್ನೋವಾಗ ಶುರು ಮಾಡಿ ಕಟ್ಟುಗಟ್ಟಲೆ ತಿಂದೆ. ತಿಂದಿಲ್ಲ ಅನ್ನೋದು ರಕ್ತದಲ್ಲಿ ಗೊತ್ತಾಗಿಬಿಡುತ್ತೆ ಅಂತ ಹೆದರಿಕೆ. ಸೊಪ್ಪೆಲ್ಲ ಒಟ್ಟಿಗೆ ಹಗ್ಗ ಎಳೆದು ಸಂಖ್ಯೆ ಕೆಳಗೆ ಬಿತ್ತು. ಡಾಕ್ಟರು ಪಾಪ, ಇವನು ದಿನಾ ಇಷ್ಟೇ ತಿಂತಾನೆ ಅಂತ ನಂಬಿ ಮಾತ್ರೆ ಏರಿಸಿದ್ರು. ಮನೆಗೆ ಬಂದು ನಾನು ಸೊಪ್ಪು ಬಿಟ್ಟೆ. ಎರಡನೇ ಸಲವೂ ಹಾಗೇ ಮಾಡಿದೆ. ಆ ಕಡೆ ಮಾತ್ರೆ ಎರಡು ಪಟ್ಟು ಜಗ್ತಿದೆ, ಈ ಕಡೆ ಹಗ್ಗ ಹಿಡಿಯೋಕೆ ಒಂದು ಎಲೆಯೂ ಇಲ್ಲ. ನೀನು ಜನವರಿಯಲ್ಲೇ ಬರೆದಿದ್ದೆ, ಅಂಗಾತ ಬೀಳ್ತೀಯ ಅಂತ.

ಕಟ್ಟುಗಟ್ಟಲೆ ಸೊಪ್ಪು ಮನೆಗೆ ತಂದೆ ಅಕ್ಕ. ಬಿಸಿಲಿಗೆ ಹಿಡಿದೆ, ಜಜ್ಜಿದೆ, ಕಾಗದ ಹತ್ತಿಸಿದೆ, ನೋಡಿ ನೋಡಿ ಬೆರಗಾದೆ. ಬಾಯಿಗೆ ಮಾತ್ರ ದಿನಾ ಇಡಲಿಲ್ಲ. ಬಣ್ಣ ಕಟ್ಟಿ ಹೇಳೋದು ನನ್ನ ಕಸುಬು, ಇವತ್ತು ಬಣ್ಣ ಬಯಲಾಯ್ತು.

ಒಂದು ವಿಚಿತ್ರ ಗೊತ್ತಾ? ಸೋರೋದು ನಿಲ್ಲಿಸೋಕೆ ಇವರು ಒಂದು ಚಮಚದಲ್ಲಿ ನಾಲ್ಕು ಹನಿ ಔಷಧಿ ಕುಡಿಸಿದ್ರು. ಏನಿದು ಅಂದೆ. ಎಲೆಯೊಳಗಿರೋ ಅದೇ ವಿಟಮಿನ್ ಅಂದ್ರು ಸೂಜಿಯಮ್ಮ. ಎಪ್ಪತ್ತಾರು ವರ್ಷ ತಟ್ಟೆಯಿಂದ ಆಚೆ ತಳ್ಳಿದ್ದೇ ಕೊನೆಗೆ ಚಮಚ ಹತ್ತಿ ಬಂದು ನನ್ನನ್ನ ಉಳಿಸಿದೆ.

ಇಂತಿ,
ತಪ್ಪಿತಸ್ಥ


ಏಪ್ರಿಲ್ 14

ತರಲೆ,

ಮನೆ ಸೇರಿದೆ. ಬಸ್ಸಿನಲ್ಲಿ ವಾಂತಿ ಆಗಲಿಲ್ಲ, ಪಕ್ಕದಲ್ಲಿ ಕೂತವಳಿಗೆ ಆಯ್ತು.

ನಿನ್ನ ಚೀಟಿ ಹರಿದು ಹಾಕಿಲ್ಲ. ಅದಕ್ಕೆ ಬದಲಾಗಿ ನಾನೂ ಒಂದು ಹೇಳ್ತೀನಿ. ಎರಡು ವಾರ ನಿನ್ನ ಜೊತೆ ಇದ್ದೂ ಹೇಳೋಕಾಗಲಿಲ್ಲ. ಕಿವುಡರಿಗೆ ಪಿಸುಗುಟ್ಟೋಕೆ ಬರಲ್ಲ, ನಮ್ಮ ಗುಟ್ಟು ಬೀದಿಗೆಲ್ಲ ಕೇಳುತ್ತೆ.

ನಿನ್ನ ಕವಾಟ ಕೆಡಿಸಿದ್ದು ಗಂಟಲಿನ ಜ್ವರ. ಸೊಪ್ಪು ತಿನ್ನದೆ ಇದ್ದದ್ದಕ್ಕೆ ಯಾರ ಕವಾಟವೂ ಕೆಡಲ್ಲ. ಇದು ನನಗೆ ಗೊತ್ತು, ಪಾಠ ಮಾಡಿದೀನಿ, ಪರೀಕ್ಷೆಯಲ್ಲಿ ಪ್ರಶ್ನೆ ಕೊಟ್ಟಿದೀನಿ. ಆದ್ರೆ ನಿನಗೆ ಮೊಣಕಾಲು ಊದಿದ ದಿನ ನನಗೆ ಹದಿಮೂರು ವರ್ಷ. ಪೌಷ್ಟಿಕ ಆಹಾರ ಸಾಲದು ಅಂತ ಡಾಕ್ಟರು ಅಮ್ಮನಿಗೆ ಬೈತಿದ್ರು. ಅಮ್ಮ, ತಿಂತಾನಲ್ಲ ಡಾಕ್ಟ್ರೇ, ತಟ್ಟೆ ಖಾಲಿ ಮಾಡ್ತಾನಲ್ಲ ಅಂತ ಅಳ್ತಿದ್ಳು. ಆ ತಟ್ಟೆ ಖಾಲಿ ಮಾಡ್ತಿದ್ದವಳು ಬಾಗಿಲ ಹಿಂದೆ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ನಾನು ವಿಜ್ಞಾನ ಓದಿದ್ದು ಅದಕ್ಕೇ ಅಂತ ಕಾಣುತ್ತೆ. ತಪ್ಪು ನನ್ನದಲ್ಲ ಅಂತ ಪುಸ್ತಕದಲ್ಲಿ ಬರೆದಿದೆಯಾ ಅಂತ ಹುಡುಕೋಕೆ. ಬರೆದಿತ್ತು. ಓದಿದೆ. ಆದ್ರೂ ಇವತ್ತಿಗೂ ತಟ್ಟೆಯಲ್ಲಿ ಸೊಪ್ಪು ನೋಡಿದಾಗೆಲ್ಲ ಮೊದಲು ಪಕ್ಕಕ್ಕೆ ನೋಡ್ತೀನಿ.

ದಿನಾ ಒಂದು ಹಿಡಿ. ನನಗೋಸ್ಕರ.

ಇಂತಿ,
ಅಕ್ಕ


ಮೇ 22

ಅಕ್ಕ,

ಸಂಖ್ಯೆಗಳು ಮೊದಲು: ಎರಡು ಪಾಯಿಂಟ್ ಒಂಬತ್ತು. ಮೂರು ಪಾಯಿಂಟ್ ಒಂದು. ಎರಡು ಪಾಯಿಂಟ್ ಎಂಟು. ಈಗ ಎರಡು ವಾರಕ್ಕೊಂದ್ಸಲ ಪರೀಕ್ಷೆ, ಮೂರಕ್ಕೆ ಮೂರೂ ಪಾಸು. ಸೂಜಿಯಮ್ಮ ನನ್ನ ಕಾರ್ಡಿನ ಮೇಲೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದು, ಹೋಗಿಬನ್ನಿ ಅಂದ್ರು. ಗೆಲ್ಲೋಕೆ ಏನೂ ಮಾಡಲಿಲ್ಲ ನಾನು. ದಿನಾ ಮಧ್ಯಾಹ್ನ ಒಂದು ಹಿಡಿ ಬೇಯಿಸಿದೆ, ತಿಂದೆ, ತಟ್ಟೆ ತೊಳೆದೆ. ಪರೀಕ್ಷೆ ಇದ್ದ ದಿನವೂ ಅಷ್ಟೇ, ಇಲ್ಲದ ದಿನವೂ ಅಷ್ಟೇ. ರುಚಿ? ಮೊದಲ ವಾರ ಒದ್ದೆ ಗೋಡೆ ನೆಕ್ಕಿದ ಹಾಗಿತ್ತು. ಈಗ ಒಂದು ಥರ ಮಳೆ ನಿಂತ ಮೇಲಿನ ವಾಸನೆ ತಿಂದ ಹಾಗೆ. ನೀನು ಗೆದ್ದೆ ಅಂತ ಬರೆಯಲ್ಲ, ಓದ್ಕೋ.

ನಿನ್ನ ಗುಟ್ಟಿಗೆ ಒಂದು ತಿಂಗಳು ಉತ್ತರ ಬರೀಲಿಲ್ಲ. ನಿನ್ನೆ ಒಂದು ನಡೀತು, ಅದನ್ನೇ ಹೇಳ್ತೀನಿ.

ಅಟ್ಟದ ಮೇಲೆ ಕಾರ್ಖಾನೆಯ ಹಳೇ ನೇರಳೆ ದೀಪ ಒಂದಿತ್ತು. ಎರಡು ಡಬ್ಬಿ ಒಂದೇ ಥರ ಕಂಡ್ರೂ ಅದರ ಕೆಳಗೆ ಹಿಡಿದ್ರೆ ಯಾವುದು ಕಲಬೆರಕೆ ಅಂತ ಗೊತ್ತಾಗ್ತಿತ್ತು. ಅದನ್ನ ಒರೆಸಿ, ಕಿಟಕಿಗೆ ಕಂಬಳಿ ಕಟ್ಟಿ ಕೋಣೆ ಕತ್ತಲೆ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆದ ಸೊಪ್ಪಿನ ರಸ ಇತ್ತಲ್ಲ, ಆ ಬಾಟಲಿ ದೀಪಕ್ಕೆ ಹಿಡಿದೆ.

ಹಸಿರು ಕೆಂಪಾಯ್ತು.

ಬಣ್ಣ ಕಟ್ಟಿ ಹೇಳ್ತಿಲ್ಲ ಅಕ್ಕ, ಈ ಸಲ ಇಲ್ಲ. ಬಾಟಲಿಯೊಳಗೆ ರಕ್ತದ ಕೆಂಪು, ತಾನೇ ಒಳಗಿಂದ ಹೊತ್ತಿಕೊಂಡ ಹಾಗೆ. ಕಂಬಳಿ ಸರಿಸಿದೆ, ಹಸಿರು. ಮುಚ್ಚಿ ಮತ್ತೆ ದೀಪ ಹಿಡಿದೆ, ಕೆಂಪು. ಕೋಣೆಯಲ್ಲಿ ಬೇರೆ ಏನೂ ಸದ್ದಿಲ್ಲ, ನನ್ನೆದೆಯ ಟಿಕ್ ಟಿಕ್ ಬಿಟ್ಟು. ನಾವೂ ಎಲೆಯೂ ಒಂದೇ ಮನೆಯವರಾಗಿದ್ವಿ ಅಂತ ಬರೆದಿದ್ದೆಯಲ್ಲ. ಆ ಮನೆಯ ಬಾಗಿಲು ಒಂದು ನಿಮಿಷ ತೆರೆದ ಹಾಗಾಯ್ತು. ಉಂಡ ಬೆಳಕನ್ನ ರಸ ಹಿಡಿದಿಟ್ಕೊಳ್ಳೋಕಾಗದೆ ಹೀಗೆ ಕೆಂಪಾಗಿ ಬಿಟ್ಟುಕೊಡುತ್ತೆ ಅಂತ ಸೂಜಿಯಮ್ಮ ಆಮೇಲೆ ಓದಿ ಹೇಳಿದ್ರು. ಸರಿ ಇರಬಹುದು. ನಾನಂತೂ ಕೈ ಮುಗಿದೆ.

ಆಗ ನಿನ್ನ ನೆನಪಾಯ್ತು. ನನ್ನ ಸೊಪ್ಪೆಲ್ಲ ನೀನು ತಿಂದೆ ಅಂತ ಅರವತ್ತೇಳು ವರ್ಷ ಕೊರಗಿದೀಯಲ್ಲ, ಅದು ಎಲ್ಲಿ ಹೋಯ್ತು ಅಂತ ಯೋಚನೆ ಮಾಡಿದೀಯಾ? ಜ್ವರದಲ್ಲಿ ಮೂರು ತಿಂಗಳು ನಾನು ನೆಲಕ್ಕೆ ಕಾಲಿಡಲಿಲ್ಲ. ಶಾಲೆಗೆ, ಬಚ್ಚಲಿಗೆ, ಕಿಟಕಿಗೆ, ಎಲ್ಲ ಕಡೆ ನಿನ್ನ ಬೆನ್ನೇ. ಹದಿಮೂರು ವರ್ಷದ ಹುಡುಗಿ ಅಷ್ಟು ಭಾರ ಹೊರೋಕೆ ಬಲ ಎಲ್ಲಿಂದ ಬಂತು? ನನ್ನ ಪಾಲಿನ ಸೊಪ್ಪು ತಿಂದ ಬೆನ್ನ ಮೇಲೆ ನಾನೇ ಸವಾರಿ ಮಾಡಿದೀನಿ. ಎಲ್ಲಿ ಸೇರಬೇಕೋ ಅಲ್ಲೇ ಸೇರಿದೆ ಬಿಡು.

ಪತ್ರ ಅಂದ್ರೆ ಎಲೆ ಅಂತಲೂ ಅರ್ಥ, ನೀನೇ ಹೇಳಿಕೊಟ್ಟದ್ದು. ಈ ಪತ್ರದ ಜೊತೆ ಒಂದು ಪತ್ರ ಇಟ್ಟಿದೀನಿ. ತಲುಪೋ ಹೊತ್ತಿಗೆ ಒಣಗಿರುತ್ತೆ, ಆದ್ರೂ ಬಿಸಿಲಿಗೆ ಹಿಡಿ. ಜೂನ್ ಹದಿಮೂರರ ಬಸ್ಸಿಗೆ ಬರ್ತೀನಿ.

ಇಂತಿ,
ಸೊಪ್ಪು ಹಾಕಿದವನು


ಜೂನ್ 14, ನಿನ್ನ ಊಟದ ಮೇಜು, ಮಧ್ಯಾಹ್ನ

ಅಕ್ಕ,

ಬಂದವರೆಲ್ಲ ಒಟ್ಟಿಗೆ ಮಾತಾಡ್ತಿದಾರೆ, ನಿನಗೆ ಒಂದೂ ಕೇಳಿಸ್ತಿಲ್ಲ, ಆದ್ರೂ ಎಲ್ಲರಿಗೂ ತಲೆ ಆಡಿಸ್ತಾ ಇದೀಯ. ಪಕ್ಕದ ಮನೆಯಾಕೆ ಈಗಷ್ಟೇ ನಿನ್ನ ವಯಸ್ಸು ನೂರಾ ಎಂಟು ಅಂದ್ರು, ಅದಕ್ಕೂ ಹೂಂ ಅಂದೆ.

ನನ್ನ ತಟ್ಟೆ ನೋಡು. ಖಾಲಿ. ಯಾರ ಕಡೆಗೂ ತಳ್ಳಿಲ್ಲ, ಬೇಕಾದ್ರೆ ಬೂಟು ಬಿಚ್ಚಿ ತೋರಿಸ್ತೀನಿ. ಇವತ್ತಿನ ಸೊಪ್ಪು ನಿಜವಾಗ್ಲೂ ಚೆನ್ನಾಗಿದೆ. ನಿನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಇತ್ತ ತಳ್ಳು. ಎಲ್ಲರೂ ಆ ಕಡೆ ನೋಡ್ತಿದಾರೆ, ಯಾರಿಗೂ ಗೊತ್ತಾಗಲ್ಲ.

ಇಂತಿ,
ನಿನ್ನ ಎದುರಿಗೆ ಕೂತವನು


(ಅದೇ ಚೀಟಿಯ ಹಿಂದೆ)

ತರಲೆ,

ಕೈ ತೆಗಿ. ನಿನ್ನ ಒಂದು ಹಿಡಿ ಮುಗೀತು. ಇನ್ನು ನಾಳೆ.

ಇಂತಿ,
ಅಕ್ಕ